ರೈಟರ್ ಮಲ್ಲೇಶಪ್ಪನವರ ಗೂಢಚಾರಿ

1998ರಲ್ಲಿ ನಾನು ಹಾಸನದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ತೊದಲುವ ಮಕ್ಕಳು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಮೇಷ್ಟರು, ಪಾರ್ಶ್ವವಾಯು ಬಡಿದು ಮಾತು ನಿಂತುಹೋದ ಹಿರಿಯರು ನನ್ನ ಬಳಿ ಬರುತ್ತಿದ್ದರು. ಪ್ರತಿ ಗುರುವಾರ ಸಕಲೇಶಪುರದಲ್ಲಿ ಕ್ಯಾಂಪ್. ಬೆಳಗಿನ ಬಸ್ಸು ಆಲೂರು ದಾಟುವಷ್ಟರಲ್ಲಿ ಹಿಂದಿನ ವಾರದ ಫೈಲುಗಳನ್ನೆಲ್ಲ ಓದಿ ಮುಗಿಸಿರುತ್ತಿದ್ದೆ. ಹನ್ನೊಂದು ವರ್ಷದ ಅನುಭವವಿತ್ತು, ಅದಕ್ಕೆ ತಕ್ಕ ಜಂಬವೂ ಇತ್ತು. ಹೇಳಿಕೊಟ್ಟ ಅಭ್ಯಾಸ ಮಾಡದೆ ಬಂದವರನ್ನು ವಯಸ್ಸು ನೋಡದೆ ಗದರುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜುಲೈ ತಿಂಗಳ ಒಂದು ಗುರುವಾರ ಹಾನುಬಾಳಿನ ಆಚೆಯ ಕಾಫಿ ಎಸ್ಟೇಟೊಂದರಿಂದ ಮಲ್ಲೇಶಪ್ಪ ಎಂಬವರನ್ನು ಜೀಪಿನಲ್ಲಿ ಕರೆತಂದರು. ಐವತ್ತಾರು ವರ್ಷ. ಅದೇ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ರೈಟರ್. ರೈಟರ್ ಎಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳಿ, ಸಂಜೆ ಮಾಲೀಕರಿಗೆ ವರದಿ ಒಪ್ಪಿಸುವವರು. ಇಡೀ ದಿನ ಬಾಯಿಂದಲೇ ನಡೆಯುವ ಕೆಲಸ. ಮಾರ್ಚ್‌ನಲ್ಲಿ ಅವರಿಗೆ ಸ್ಟ್ರೋಕ್ ಆಗಿತ್ತು. ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಒಂದು: ‘ಆಯ್ತು’. ಹೆಸರು ಕೇಳಿದರೂ ಆಯ್ತು, ನೀರು ಬೇಕಾದರೂ ಆಯ್ತು, ಸಿಟ್ಟು ಬಂದರೆ ಆಯ್ತು ಆಯ್ತು ಆಯ್ತು.

ಇದನ್ನು ನಾವು ಅಫೇಸಿಯಾ ಎನ್ನುತ್ತೇವೆ. ಮಿದುಳಿನಲ್ಲಿ ಮಾತು ಕಟ್ಟುವ ಜಾಗಕ್ಕೆ ಪೆಟ್ಟು ಬಿದ್ದಾಗ, ಹೇಳಬೇಕಾದದ್ದು ಗೊತ್ತಿದ್ದರೂ ಶಬ್ದ ಸಿಗುವುದಿಲ್ಲ. ಬುದ್ಧಿ ಇದ್ದ ಹಾಗೆಯೇ ಇರುತ್ತದೆ. ಆದರೆ ನೋಡುವವರಿಗೆ ಅದು ಗೊತ್ತಾಗಬೇಕಲ್ಲ? ಜೊತೆಗೆ ಬಂದಿದ್ದ ಅವರ ಅಣ್ಣ ರುದ್ರಪ್ಪನವರು ಮಗ್ಗೆಯಲ್ಲಿ ಜಮೀನು ನೋಡಿಕೊಂಡಿದ್ದವರು, ಒಳ್ಳೆಯ ಮನುಷ್ಯ. ತಮ್ಮ ಎದುರಿಗೇ ಕುಳಿತಿದ್ದರೂ, ‘ಬುದ್ಧಿ ಹೋಗ್ಬುಟ್ಟೈತೆ ಮೇಡಂ, ಇನ್ನು ಮಗು ತರ ನೋಡ್ಕಬೇಕು ಅಷ್ಟೆ’ ಎಂದುಬಿಟ್ಟರು. ಎಸ್ಟೇಟಿನ ಮನೆಯನ್ನು ಹೊಸ ರೈಟರ್‌ಗೆ ಬಿಟ್ಟುಕೊಡಬೇಕು, ದೀಪಾವಳಿಗೆ ಮೊದಲು ತಮ್ಮನನ್ನೂ ಅವನ ಹೆಂಡತಿಯನ್ನೂ ಮಗ್ಗೆಗೆ ಕರೆದೊಯ್ಯುವುದು ಎಂದು ಅವರು ತೀರ್ಮಾನ ಮಾಡಿಯಾಗಿತ್ತು. ಮಲ್ಲೇಶಪ್ಪನವರು ನೆಲ ನೋಡುತ್ತ ‘ಆಯ್ತು’ ಎಂದರು.

ಹೊರಡುವಾಗ ಹೆಂಡತಿ ಗಂಗಮ್ಮ ಮಾತ್ರ ಬಾಗಿಲಲ್ಲಿ ಹಿಂದೆ ಉಳಿದರು. ಮಗ್ಗೆಗೆ ಹೋಗುವುದು ಅವರಿಗೆ ಕಷ್ಟವಲ್ಲ. ಅಲ್ಲಿಗೆ ಹೋದಮೇಲೆ ಗಂಡನನ್ನು ಎಲ್ಲರೂ ಬುದ್ಧಿಯಿಲ್ಲದವನೆಂದೇ ತಿಳಿದು ಒಂದು ಮೂಲೆಯಲ್ಲಿ ಕೂರಿಸಿಬಿಡುತ್ತಾರೆ ಎನ್ನುವುದೇ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸೆರಗಿನ ತುದಿ ತಿರುಚುತ್ತ ಕೇಳಿದರು: ‘ಒಂದೇ ಒಂದು ತಿಳ್ಕಬೇಕು ಮೇಡಂ. ಇವ್ರು ಇವ್ರೇನಾ? ನಾಲ್ಕು ತಿಂಗ್ಳಾಯ್ತು, ಒಂದೊಂದ್ಸಲ ನಂಗೇ ಗೊತ್ತಾಗಲ್ಲ.’

ಗೊತ್ತಾಗುತ್ತೆ ಎಂದು ಮಾತು ಕೊಟ್ಟೆ. ನನ್ನ ಚೀಲದಲ್ಲಿ ಚಿತ್ರದ ಕಾರ್ಡುಗಳಿದ್ದವು: ಲೋಟ, ಬೀಗದ ಕೈ, ಆನೆ, ಛತ್ರಿ. ಒಂದೊಂದೇ ತೋರಿಸಿ ಹೆಸರು ಹೇಳಿಸುವುದು ನಮ್ಮ ಪದ್ಧತಿ. ಅದಾಗದಿದ್ದರೆ ಬಾಯಿಪಾಠವಾಗಿರುವುದನ್ನು ಹಿಡಿಯಬೇಕು. ಒಂದರಿಂದ ಹತ್ತು, ವಾರದ ಹೆಸರು, ಚಿಕ್ಕಂದಿನ ಪ್ರಾರ್ಥನೆ ಇವು ಮಾತಿನ ಬೇರೆ ದಾರಿಯಲ್ಲಿ ಬರುತ್ತವೆ. ಆರು ವಾರ ಇದನ್ನೆಲ್ಲ ಮಾಡಿದೆವು. ಮಲ್ಲೇಶಪ್ಪನವರು ಸೋಮವಾರದಿಂದ ಮಂಗಳವಾರಕ್ಕೆ ಬರಲಿಲ್ಲ. ಏಳನೇ ವಾರ ಆನೆಯ ಕಾರ್ಡು ಹಿಡಿದು, ‘ಇದೇನು ಹೇಳಿ ನೋಡೋಣ?’ ಎಂದು ರಾಗ ಎಳೆದೆ. ಅವರು ಎಡಗೈಯಿಂದ ಕಾರ್ಡುಗಳನ್ನೆಲ್ಲ ಬಾಚಿ ನೆಲಕ್ಕೆ ಚೆಲ್ಲಿದರು. ಮೂವತ್ತೊಂದು ವರ್ಷ ಕಾಡಾನೆಯ ದಾರಿ ನೋಡಿಕೊಂಡು ಆಳುಗಳನ್ನು ಕೆಲಸಕ್ಕೆ ಕಳಿಸಿದ ಮನುಷ್ಯನಿಗೆ ನಾನು ಬಣ್ಣದ ಆನೆ ತೋರಿಸುತ್ತಿದ್ದೆ. ಆಗ ಅದು ಹೊಳೆಯಲಿಲ್ಲ. ನಾನೂ ಮುಖ ಗಂಟಿಕ್ಕಿಕೊಂಡು ಫೈಲು ಮುಚ್ಚಿದೆ.

ಮುಂದಿನ ಗುರುವಾರ ಗಂಗಮ್ಮ ಒಂದು ಕೈಚೀಲ ತಂದು ಮೇಜಿನ ಮೇಲಿಟ್ಟರು. ಒಳಗೆ ಹದಿನಾಲ್ಕು ವಿಡಿಯೋ ಕ್ಯಾಸೆಟ್ಟುಗಳು. ಎಲ್ಲವೂ ಒಂದೇ ಸರಣಿಯ ಇಂಗ್ಲಿಷ್ ಗೂಢಚಾರಿ ಸಿನಿಮಾಗಳು, ಒಬ್ಬನೇ ನಾಯಕ, ವರ್ಷಗಟ್ಟಲೆ ಒಂದರ ಹಿಂದೆ ಒಂದು ಬಂದವು. ಎಸ್ಟೇಟಿನ ಮಾಲೀಕರಿಗೆ ಅದರ ಹುಚ್ಚು. ಹಬ್ಬ ಹರಿದಿನದ ಮಧ್ಯಾಹ್ನ ಸ್ಟೋರ್‌ನಲ್ಲಿ, ಎಂದರೆ ಕಾಫಿ ಮೂಟೆ ಇಡುವ ದೊಡ್ಡ ಗೋದಾಮಿನಲ್ಲಿ, ಲೈನ್ ಎಂದು ಕರೆಯುವ ಸಾಲುಮನೆಗಳ ಆಳುಗಳಿಗೆಲ್ಲ ಅದನ್ನು ತೋರಿಸುತ್ತಿದ್ದರು. ಇಂಗ್ಲಿಷ್ ಯಾರಿಗೆ ಬರಬೇಕು? ರೈಟರ್ ಟಿವಿ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದರಂತೆ. ‘ಸಿನಿಮಾಕ್ಕಿಂತ ಇವ್ರದ್ದೇ ಚೆನ್ನಾಗಿರ್ತಿತ್ತು ಕಣ್ರೀ’ ಎಂದರು ಗಂಗಮ್ಮ.

ನನಗೆ ಅಂಥ ಸಿನಿಮಾ ಎಂದರೆ ಮೂಗು ಮುರಿಯುವಷ್ಟು ಅಸಡ್ಡೆ. ಆದರೂ ಚೀಲ ಹಾಸನಕ್ಕೆ ಒಯ್ದೆ. ಮೂರು ವಾರದಲ್ಲಿ ಹದಿನಾಲ್ಕನ್ನೂ ನೋಡಿ, ರೋಗಿಯ ಫೈಲು ಬರೆಯುವ ಹಾಗೆ ಟಿಪ್ಪಣಿ ಮಾಡಿಕೊಂಡೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಒಂದು ಸಂಗತಿ ಗೊತ್ತಾಯಿತು: ದೇಶ ಬೇರೆ, ಕಾರು ಬೇರೆ, ಹೆಣ್ಣು ಬೇರೆ, ಆದರೆ ಮೆಟ್ಟಿಲು ಅವೇ. ಮೊದಲು ಕಾರಣವೇ ಹೇಳದ ಒಂದು ಓಟ. ಆಮೇಲೆ ಮೇಲಧಿಕಾರಿಯ ಕರೆ. ದೂರದೇಶದ ಪ್ರಯಾಣ. ಖಳನ ಮನೆಯಲ್ಲಿ ಊಟ. ಕೊಲ್ಲುವ ಮೊದಲು ಅವನು ಉಪಚಾರ ಮಾಡದೆ ಬಿಡುವುದಿಲ್ಲ. ಗುಡ್ಡದೊಳಗೆ ಅಡಗಿಸಿಟ್ಟ ಕಾರ್ಖಾನೆ, ಅಲ್ಲಿ ಸಮವಸ್ತ್ರ ತೊಟ್ಟ ನೂರಾರು ಕೆಲಸಗಾರರು. ಗಡಿಯಾರ ಹಿಂದಕ್ಕೆ ಎಣಿಸುತ್ತದೆ, ಕಾರ್ಖಾನೆ ಸಿಡಿಯುತ್ತದೆ, ನಾಯಕನ ಕೋಟಿಗೆ ಒಂದು ಸುಕ್ಕೂ ಬೀಳುವುದಿಲ್ಲ. ಮುಂದೇನಾಗುತ್ತದೆಂದು ಗೊತ್ತಿರುವುದೇ ಅದರ ರುಚಿ ಎಂದು ಅರ್ಥವಾಯಿತು. ಗೊತ್ತಿರುವ ದಾರಿಯಲ್ಲಿ ಹೊಸ ಊರು ನೋಡಿ ಬರುವ ಸುಖ. ನಾಯಕನ ಪಾತ್ರಕ್ಕೆ ನಟರು ಬದಲಾದಾಗ ಲೈನಿನವರು ಗಲಿಬಿಲಿಗೊಂಡರೆ, ‘ಪೋಸ್ಟ್ ಅದೇ, ಸಾಹೇಬ ಬೇರೆ’ ಎಂದು ರೈಟರ್ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರಂತೆ. ಮ್ಯಾನೇಜರುಗಳ ವರ್ಗಾವಣೆ ಕಂಡವರಿಗೆ ಅದಕ್ಕಿಂತ ಬೇರೆ ವಿವರಣೆ ಬೇಕೇ?

ಇಷ್ಟು ಕಟ್ಟುನಿಟ್ಟಾದ ಕಥೆ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಮುಂದಿನದು ಗೊತ್ತಿದ್ದರೆ ಶಬ್ದ ಅರ್ಧ ದಾರಿಗೆ ತಾನೇ ಬಂದು ನಿಂತಿರುತ್ತದೆ. ಸಕಲೇಶಪುರದ ಕೋಣೆಗೆ ಟಿವಿ ತರಿಸಿ, ಕ್ಯಾಸೆಟ್ ಹಾಕಿ, ಪ್ರತಿ ಮೆಟ್ಟಿಲಿನಲ್ಲೂ ನಿಲ್ಲಿಸಿ, ‘ಈಗ ಯಾರು ಬರ್ತಾರೆ?’ ಎಂದು ಕೇಳಿದೆ. ಮಲ್ಲೇಶಪ್ಪನವರು ಟಿವಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಟಿವಿ ಕಡೆ ತಿರುಗಿದರು. ಎರಡನೇ ಗುರುವಾರವೂ ಹಾಗೆಯೇ. ನನ್ನ ಟಿಪ್ಪಣಿ ಪುಸ್ತಕದ ಮೇಲೆ ನನಗೇ ಸಿಟ್ಟು ಬಂತು.

ಮೂರನೇ ಗುರುವಾರ ನಾನು ಒಬ್ಬ ರೋಗಿಯೊಂದಿಗೆ ಹೊರಗೆ ಮಾತಾಡುತ್ತಿದ್ದೆ. ಒಳಗೆ ಸಿನಿಮಾ ಓಡುತ್ತಿತ್ತು. ಇದ್ದಕ್ಕಿದ್ದಂತೆ ಅದರ ಸದ್ದು ನಿಂತಿತು. ಕೆಟ್ಟುಹೋಯಿತೇನೋ ಎಂದು ಒಳಗೆ ಹೋದರೆ, ಗಂಗಮ್ಮ ಟಿವಿ ಮುಂದೆ ನೆಲದ ಮೇಲೆ ಕುಳಿತು ವಾಲ್ಯೂಮನ್ನು ಪೂರ್ತಿ ಇಳಿಸಿದ್ದರು. ಅವರು ಹೇಳಿದ್ದು ಇಷ್ಟೆ: ಸ್ಟೋರ್‌ನಲ್ಲಿ ಸದ್ದು ಇಳಿಸಿದ ಮೇಲೆಯೇ ರೈಟರ್ ಬಾಯಿ ತೆರೆಯುವುದು ವಾಡಿಕೆ; ಇಬ್ಬರು ಒಟ್ಟಿಗೆ ಮಾತಾಡಬಾರದಲ್ಲ. ಮೂರು ವಾರದಿಂದ ಮಲ್ಲೇಶಪ್ಪನವರು ಯಾರಾದರೂ ಸದ್ದು ಇಳಿಸಲಿ ಎಂದು ಕಾಯುತ್ತಿದ್ದರೋ ಏನೋ. ನಾನು ಮಾತ್ರ ಸದ್ದು ಏರಿಸುತ್ತಲೇ ಇದ್ದೆ.

ಟಿವಿಯಲ್ಲಿ ಕಾರ್ಖಾನೆಯ ಗಡಿಯಾರ ಓಡುತ್ತಿತ್ತು. ಮಲ್ಲೇಶಪ್ಪನವರು ಕುರ್ಚಿಯ ಅಂಚಿಗೆ ಬಂದರು. ಎಡಗೈ ಮೇಲೆತ್ತಿದರು. ಕತ್ತಿನ ನರ ಉಬ್ಬಿತು. ‘ಆಯ್ತು… ಆಯ್ತು… ಆ… ಆಳು’ ಎಂದರು. ಉಸಿರು ಎಳೆದುಕೊಂಡು, ‘ಆಳು… ಹೊರಗೆ. ಹೊರಗೆ.’

ಅವರೇನು ಹೇಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ನಾನು ನೋಡಿದ ಹದಿನಾಲ್ಕರಲ್ಲಿ ಎಲ್ಲಿಯೂ ಆ ಕೆಲಸಗಾರರನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ಆಮೇಲೆ ಅವರೇ ಹೇಳಿದರು: ಮೊದಲ ಸಲ ಆ ಸರಣಿ ತೋರಿಸಿದಾಗ, ಗುಡ್ಡದೊಳಗಿನ ಅಷ್ಟು ಜನ ಸತ್ತದ್ದು ನೋಡಿ ಲೈನಿನ ಹೆಂಗಸರು ಕಂಗಾಲಾಗಿದ್ದರಂತೆ. ಕೆಟ್ಟವನು ಯಜಮಾನ, ಕೂಲಿಗೆ ಬಂದವರು ಏನು ತಪ್ಪು ಮಾಡಿದ್ದರು ಎಂದು ಕೆಂಚಮ್ಮ ಎಂಬ ಹಳೆಯ ಆಳು ಜಗಳಕ್ಕೇ ನಿಂತಳಂತೆ. ಅಂದಿನಿಂದ ಪ್ರತಿ ಸಿನಿಮಾದಲ್ಲೂ ಸಿಡಿಯುವ ಮೊದಲು ರೈಟರ್ ತಮ್ಮ ಕಥೆಯಲ್ಲಿ ಗಂಟೆ ಹೊಡೆಸುತ್ತಿದ್ದರು, ಹಿಂದಿನ ಗೇಟು ತೆಗೆಸುತ್ತಿದ್ದರು, ಆಳುಗಳನ್ನೆಲ್ಲ ಹೊರಗೆ ಕಳಿಸಿದ ಮೇಲೆಯೇ ಬಾಂಬಿಗೆ ಅಪ್ಪಣೆ. ನಾಯಕನ ಕೋಟು, ಕಾರು, ಧೈರ್ಯ ಎಲ್ಲ ಬರೆದುಕೊಂಡಿದ್ದ ನನಗೆ ಸತ್ತವರ ಕಡೆ ಕಣ್ಣೇ ಹೋಗಿರಲಿಲ್ಲ. ಆ ಸಿನಿಮಾ ಅಲ್ಲಿಯ ಜನಕ್ಕೆ ಯಾಕೆ ಇಷ್ಟವಾಗಿತ್ತೆಂದು ಆಗ ತಿಳಿಯಿತು. ನನಗೂ ಅಳು ಬಂತು, ರೋಗಿಯ ಮುಂದೆ ಅಳಬಾರದೆಂದು ಕಿಟಕಿ ಕಡೆ ತಿರುಗಿದೆ.

ಅಲ್ಲಿಂದ ಮುಂದೆ ಮಾತು ಒಂದೊಂದೇ ಬಂತು. ‘ಸಾಹೇಬ ಬಂದ.’ ‘ಊಟ.’ ‘ಬೇಡ, ವಿಷ.’ ಆದರೆ ಟಿವಿ ಆರಿಸಿದರೆ ಮತ್ತೆ ‘ಆಯ್ತು’. ರುದ್ರಪ್ಪನವರು ಒಂದು ಸಲ ಬಂದು ನೋಡಿ, ಅದು ಗಿಣಿ ಪಾಠ ಎಂದರು. ಗಂಗಮ್ಮನ ಮುಖ ಸಣ್ಣದಾಯಿತು. ಗದರಬೇಕೆನ್ನಿಸಿತು, ಗದರಲಿಲ್ಲ, ಏಕೆಂದರೆ ಅದು ಪೂರ್ತಿ ಸುಳ್ಳೆಂದು ನಾನೂ ಹೇಳುವಂತಿರಲಿಲ್ಲ. ಬಾಯಿಪಾಠವಾಗಿದ್ದದ್ದು ಬರುತ್ತಿತ್ತು, ಅಷ್ಟೆ. ಗಂಗಮ್ಮ ಕೇಳಿದ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ, ಅವರು ಮಗ್ಗೆಗೆ ಹೊರಡುವ ಮುಂಚಿನ ಭಾನುವಾರ, ಸ್ಟೋರ್‌ನಲ್ಲೇ ಒಂದು ಸಲ ಕಥೆ ಹೇಳಿಸೋಣ ಎಂದು ಮಾಲೀಕರನ್ನು ಕೇಳಿಕೊಂಡೆ. ನನ್ನನ್ನು ಕರೆದೊಯ್ಯಲು ಜೀಪ್ ಸಕಲೇಶಪುರದ ಆಚೆಯ ಆನೇಮಹಲಿಗೇ ಬಂತು. ಮಧ್ಯಾಹ್ನ ಮೂರು ಗಂಟೆಗೆ ಲೈನಿನವರೆಲ್ಲ ಗೋಣಿ ಹಾಸಿಕೊಂಡು ಕುಳಿತರು. ರುದ್ರಪ್ಪನವರು ಬಾಗಿಲ ಬಳಿ ಕುರ್ಚಿಯಲ್ಲಿ. ಗಂಗಮ್ಮ ಟಿವಿ ಪಕ್ಕದಲ್ಲಿ, ವಾಲ್ಯೂಮ್ ಇಳಿಸುವುದಕ್ಕೆ. ಮಲ್ಲೇಶಪ್ಪನವರು ಊರುಗೋಲು ಹಿಡಿದು ನಿಂತರು.

ಓಟ, ಕರೆ, ಪ್ರಯಾಣ, ಊಟ ಎಲ್ಲ ತುಂಡು ತುಂಡಾಗಿ ದಾಟಿತು. ಒಂದೊಂದು ಶಬ್ದಕ್ಕೂ ಜನ ಉಸಿರು ಬಿಗಿಹಿಡಿದು ಕಾದರು. ಕಾರ್ಖಾನೆ ಬಂತು, ಗಡಿಯಾರ ಓಡತೊಡಗಿತು. ಅಲ್ಲಿ ಅವರ ಮಾತು ಸಿಕ್ಕಿಹಾಕಿಕೊಂಡಿತು. ‘ಆಯ್ತು, ಆಯ್ತು’ ಎನ್ನುತ್ತ ಬೆವರಿಳಿಯತೊಡಗಿದರು. ಮೊದಲಕ್ಷರ ಹೇಳಿಕೊಟ್ಟರೆ ಉಳಿದದ್ದು ಬರುತ್ತದೆ, ಅದು ನಮ್ಮ ವಿದ್ಯೆ. ‘ಆ’ ಎನ್ನಲು ನಾನು ಅರ್ಧ ಎದ್ದಿದ್ದೆ. ನನಗಿಂತ ಮೊದಲು ಮುಂದಿನ ಸಾಲಿನಲ್ಲಿದ್ದ ಕೆಂಚಮ್ಮ ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು.

‘ನಾವು ಹೊರಡ್ತೀವಿ ರೈಟರೇ. ಹಾಜರಿ ಕೂಗಿ, ಒಬ್ರೂ ಉಳೀಬಾರ್ದು.’

ಅವಳು ಬಾಗಿಲ ಕಡೆ ನಡೆದಳು. ಮಲ್ಲೇಶಪ್ಪನವರು ಅವಳನ್ನೇ ನೋಡಿದರು. ‘ಕೆಂಚಮ್ಮ’ ಎಂದರು, ಸ್ಪಷ್ಟವಾಗಿ. ಅವಳ ಹಿಂದೆ ಇನ್ನೊಬ್ಬ ಎದ್ದ. ‘ದ್ಯಾವಯ್ಯ.’ ಮತ್ತೊಬ್ಬಳು. ‘ಸಣ್ಣತಾಯಿ.’ ಎಲ್ಲರೂ ಎದ್ದು ಒಬ್ಬೊಬ್ಬರಾಗಿ ಅವರ ಮುಂದೆ ಹಾದು ಅಂಗಳಕ್ಕೆ ಹೋದರು. ಇಪ್ಪತ್ತಾರು ಹೆಸರು ಕೂಗಿದರು, ಎರಡು ಮಾತ್ರ ತಪ್ಪಿದವು. ಟಿವಿಯಲ್ಲಿ ಕಾರ್ಖಾನೆ ಯಾವಾಗ ಸಿಡಿಯಿತೋ ಯಾರೂ ನೋಡಲಿಲ್ಲ. ವಾರದ ಹೆಸರು ಹೇಳಿಸುತ್ತ ಆರು ವಾರ ಕಳೆದಿದ್ದೆ. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಕೂಗಿದ ಹಾಜರಿಯನ್ನು ಕೇಳಬೇಕೆಂದು ನನಗೆ ತೋಚಿರಲಿಲ್ಲ. ಆದರೂ ನನ್ನೊಳಗಿನ ಥೆರಪಿಸ್ಟ್ ಹೇಳುತ್ತಿದ್ದಳು: ಹಿಗ್ಗಬೇಡ, ಇದೂ ಬಾಯಿಪಾಠವೇ.

ಸ್ಟೋರ್ ಖಾಲಿಯಾಯಿತು. ಅವರ ಜೊತೆ ಉಳಿದದ್ದು ನಾನು, ಬಾಗಿಲಲ್ಲಿ ಎದ್ದು ನಿಂತಿದ್ದ ರುದ್ರಪ್ಪನವರು, ಟಿವಿ ಪಕ್ಕದಲ್ಲಿ ಗಂಗಮ್ಮ. ಗಂಗಮ್ಮ ಎಸ್ಟೇಟಿನ ಆಳಲ್ಲ. ಅವರ ಹೆಸರು ಯಾವ ಹಾಜರಿಯಲ್ಲೂ ಇರಲಿಲ್ಲ. ನಾಲ್ಕು ಜನರ ಎದುರು ಹೆಂಡತಿಯ ಹೆಸರು ಹಿಡಿದು ಕರೆಯುವ ಪೈಕಿಯೂ ಅಲ್ಲ ರೈಟರ್. ಮಲ್ಲೇಶಪ್ಪನವರು ಕೋಲು ಊರಿಕೊಂಡು ಆಕೆಯ ಕಡೆ ತಿರುಗಿದರು. ಬಹಳ ಹೊತ್ತು ಹಿಡಿಯಿತು. ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು.

‘ಗಂಗೂ… ನೀನೂ… ನಡಿ.’

ಗಂಗಮ್ಮ ಕುಳಿತಲ್ಲಿಂದ ಏಳಲಿಲ್ಲ. ‘ನಾನೆಲ್ಲಿಗ್ ಹೋಗ್ಲಿ?’ ಎಂದರು. ‘ನೀವಿಲ್ಲೇ ಇದ್ದೀರಲ್ಲ.’

ರುದ್ರಪ್ಪನವರು ಒಳಗೆ ಬಂದು ತಮ್ಮನ ಪಕ್ಕ ನಿಂತು, ನಾನು ಕಂಡಂತೆ ಮೊದಲ ಬಾರಿಗೆ, ನಾಳೆ ಎಷ್ಟು ಗಂಟೆಗೆ ಹೊರಡೋಣ ಎಂದು ಅವನನ್ನೇ ಕೇಳಿದರು. ಉತ್ತರಕ್ಕೆ ಕಾದರು ಕೂಡ.

ಮಲ್ಲೇಶಪ್ಪನವರ ಮಾತು ಪೂರ್ತಿ ಮರಳಲಿಲ್ಲ. ಮಗ್ಗೆಯಲ್ಲಿ ಮುಂದಿನ ಒಂಬತ್ತು ವರ್ಷ ಅರೆಬರೆ ವಾಕ್ಯಗಳಲ್ಲೇ, ಆದರೆ ಮನೆಯ ನಡುವೆ ಕುಳಿತು, ಎಲ್ಲರ ಮೇಲೆ ಯಜಮಾನಿಕೆ ಮಾಡಿಕೊಂಡು ಬದುಕಿದರು. ಆ ಭಾನುವಾರದವರೆಗೆ ನಾನು ಹೊಸ ರೋಗಿ ಬಂದಾಗ ಏನೇನು ಹೇಳಲಾಗುವುದಿಲ್ಲ ಎಂದು ಮೊದಲು ಕೇಳುತ್ತಿದ್ದೆ. ಆಮೇಲೆ ನಿವೃತ್ತಿಯಾಗುವವರೆಗೂ, ಈ ಮನುಷ್ಯ ಯಾರಿಗಾಗಿ ಮಾತಾಡುತ್ತಿದ್ದರು ಎಂದು ಮನೆಯವರನ್ನು ಕೇಳಿ, ಅದನ್ನು ಬರೆದುಕೊಳ್ಳದೆ ಫೈಲಿನ ಎರಡನೇ ಪುಟ ತಿರುಗಿಸಲಿಲ್ಲ.