ಲಿಲ್ಲಿಬಾಯಿಯ ಮಂದ್ರ

ಬಹರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಕಟ್ಟಡದ ಗೋಡೆಗಳು ಎಷ್ಟು ತೆಳುವೆಂದರೆ, ಪಕ್ಕದ ಮನೆಯ ಬಂಗುಡೆ ಕಾವಲಿಗೆ ಬಿದ್ದ ಸದ್ದಿಗೆ ನಮ್ಮ ಬಾಯಲ್ಲಿ ನೀರೂರುತ್ತದೆ. ಆ ಸದ್ದಿನೊಂದಿಗೆ ಮೊದಲೆಲ್ಲ ಒಂದು ಹಾಡೂ ಬರುತ್ತಿತ್ತು. ಹಾಡುವವಳು ಲಿಲ್ಲಿಬಾಯಿ, ಊರು ಮೂಲ್ಕಿಯ ಕಡೆ, ವೃತ್ತಿ ಮನಾಮದ ಹೋಟೆಲೊಂದರಲ್ಲಿ ಬ್ಲೂಸ್ ಹಾಡುವುದು.

ಅವಳು ಬಹರೈನಿಗೆ ಬಂದದ್ದು ಆ ಹೋಟೆಲಿನ ಸ್ವಾಗತಕಾರಿಣಿಯಾಗಿ. ಒಂದು ಸಂಜೆ ಗಾಯಕಿ ಬಾರದಿದ್ದಾಗ, ಇವಳು ಇಗರ್ಜಿಯಲ್ಲಿ ಹಾಡುವುದನ್ನು ಕೇಳಿದ್ದ ಮ್ಯಾನೇಜರ್ ಇವಳನ್ನೇ ವೇದಿಕೆ ಹತ್ತಿಸಿದ. ಅಲ್ಲಿನ ಗಿಟಾರ್ ವಾದಕ, ಫಿಲಿಪ್ಪೀನ್ಸಿನ ರೋಡೆಲ್, ಬ್ಲೂಸ್ ಕಲಿಸಿದ. ಅಮೆರಿಕದ ಹತ್ತಿಹೊಲಗಳಲ್ಲಿ ಬೆನ್ನು ಬಗ್ಗಿಸಿದ ಕಪ್ಪುಜನರ ನಿಟ್ಟುಸಿರು ಅದರಲ್ಲಿದೆ ಎಂದ. "ನಂಗೆ ಹೊಸತು ಅನ್ನಿಸ್ಲೇ ಇಲ್ಲ ಮಾರಾಯ್ತಿ," ಎನ್ನುತ್ತಿದ್ದಳು ನನ್ನೊಡನೆ, "ನನ್ನಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಹೇಳ್ತಿದ್ದ ಹಾಡೂ ಹಾಗೇ ಎಳೀತಿತ್ತು." ದುಡಿಮೆಗೆ ದೇಶಗಳು ಬೇರೆಯಾದರೂ ಸುಸ್ತಿಗೆ ರಾಗ ಒಂದೇ ಇದ್ದೀತು.

ಆಮೇಲೆ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಗಂಟು ಹೋಯಿತು, ಜೊತೆಗೆ ತಾರಸ್ವರವೂ ಹೋಯಿತು. ಹೋಟೆಲಿನವರು ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಯವಾಗಿ ಹೇಳಿ, ಹೊಸಬಳನ್ನು ತಂದರು. ಲಿಲ್ಲಿ ಗುನುಗುವುದನ್ನೂ ಬಿಟ್ಟಳು. ಗೋಡೆಯಾಚೆಯಿಂದ ಬಂಗುಡೆಯ ಸದ್ದು ಮಾತ್ರ ಬರುತ್ತಿತ್ತು.

ನನ್ನ ಮಗಳ ಮದುವೆಗೆ ಮುನ್ನ, ವಧುವಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ಒಂದು ಹಾಡು ಹೇಳೆಂದು ಲಿಲ್ಲಿಯನ್ನು ಅಂಗಲಾಚಿದೆ. "ಕಾಗೆ ಸ್ವರ ಎಂತಕ್ಕೆ ನಿಮ್ಗೆ?" ಎಂದಳು. ಬಂದಳು, ಮೂಲೆಯಲ್ಲಿ ಕುಳಿತಳು. ಇಂಗ್ಲಿಷಿನಲ್ಲೇ ಬೆಳೆದ ಹುಡುಗಿಯರು ಫೋನಿನಲ್ಲಿ ಸಿನಿಮಾ ಹಾಡು ಹಾಕಿದ್ದರು. ಹಾಲಿನ ಬಟ್ಟಲು ಹಿಡಿದು ಸರದಿಯಲ್ಲಿ ಮಗಳ ಮುಂದೆ ಬಂದಾಗ ಲಿಲ್ಲಿಗೆ ಏನನ್ನಿಸಿತೋ, ಅಮ್ಮನ ನೇಜಿಯ ತುಳು ಹಾಡನ್ನು ತೀರ ಮೆಲ್ಲನೆ ತೆಗೆದಳು. ಯಾರೋ ಫೋನ್ ಆರಿಸಿದರು. ಮತ್ತೆ ಮತ್ತೆ ಬಂದ ಪಲ್ಲವಿಗೆ ಹುಡುಗಿಯರು ದನಿಗೂಡಿಸಿದಾಗ ಹಾಡಿನ ಶ್ರುತಿ ಎಲ್ಲಿಗೋ ಏರಿಹೋಯಿತು. ಲಿಲ್ಲಿ ನಿಲ್ಲಿಸಿದಳು.

"ನಂಗೆ ಮೇಲೆ ಬರ್ಲಿಕ್ಕೆ ಆಗುದಿಲ್ಲ ಮಕ್ಳೇ. ನೀವೇ ಕೆಳಗೆ ಬನ್ನಿ."

ನಗುತ್ತ ಎಲ್ಲರೂ ಇಳಿದರು. ಲಿಲ್ಲಿಯ ಜೊತೆ ಅತಿಥಿಯಾಗಿ ಬಂದಿದ್ದ ರೋಡೆಲ್ ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದ.

ಈಗ ಮುಹರ್ರಕ್‌ನ ಹಳೆಯ ಮನೆಯೊಂದರ ಕಾಫಿ ಅಂಗಡಿಯಲ್ಲಿ ಶುಕ್ರವಾರ ಸಂಜೆ ಲಿಲ್ಲಿ ರೋಡೆಲ್‌ನ ಗಿಟಾರಿಗೆ ಹಾಡುತ್ತಾಳೆ: ಒಂದು ಬ್ಲೂಸ್, ಒಂದು ತುಳು, ಒಂದು ಕೊಂಕಣಿ. ಮೊದಲ ಸಂಜೆ ನಾನಿದ್ದೆ. ಅವಳ ದನಿ ತಳ ಮುಟ್ಟಿದಾಗ, ಹಿಂದೆ ಕಡಲಿಗಿಳಿದು ಮುತ್ತು ತೆಗೆಯುತ್ತಿದ್ದ ದೋಣಿಯವರ ಮನೆತನದ ಅರಬ್ ಮುದುಕರೊಬ್ಬರು ತಮ್ಮವರ ಕಡಲಹಾಡಿನ ರೂಢಿಯಂತೆ, ಅದಕ್ಕೂ ಕೆಳಗಿನಿಂದ ಗುಂಯ್ ಎಂದು ಶ್ರುತಿ ಹಿಡಿದರು. ಲಿಲ್ಲಿ ಬೆಚ್ಚಿ ನನ್ನತ್ತ ತಿರುಗಿದಳು.

"ನನಗಿಂತ ಕೆಳಗೂ ಜನ ಉಂಟಲ್ಲಾ!" ಎಂದವಳೇ, ಆ ದನಿಯ ಮೇಲೆ ಕಾಲೂರಿ ಮುಂದಿನ ಸಾಲಿಗೆ ಹೋದಳು.