ಒಸಿ ತಡೀರಿ ಎಂದ ಹಳದಿ ಚೌಕ

ಹೊಟ್ಟೆಯುರಿ ಅಂದರೆ ಏನೆಂದು ನನಗೆ ಕಲಿಸಿದ್ದು ಹೆಬ್ಬೆರಳಗಲದ ಒಂದು ಹಳದಿ ಚೌಕ. ಹೆದ್ದಾರಿಯ ಎರಡೂ ಮಗ್ಗುಲಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ರಾಮನಗರದ ಪುಟ್ಟ ಕಂಪ್ಯೂಟರ್ ಆಫೀಸೊಂದರಲ್ಲಿ ನಾನೂ ವಿರೂಪಾಕ್ಷಿಪುರದ ಕಡೆಯ ಒಬ್ಬ ಹುಡುಗಿಯೂ ಕೆಲಸಕ್ಕಿದ್ದೆವು. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದಕ್ಕೆ ಮಾಲು ಕಳಿಸುವ ವೆಬ್ ಅಪ್ಲಿಕೇಶನ್ ಮಾಡಿಕೊಡಬೇಕಿತ್ತು. ನಮ್ಮಿಬ್ಬರಲ್ಲಿ ಒಬ್ಬರನ್ನು ಕಾಯಂ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆಂದು ಅಲ್ಲಿನ ಯಜಮಾನರು ಹೇಳಿದ್ದರು. ಆ ಕೆಲಸ ನನ್ನದೇ ಎಂದುಕೊಂಡಿದ್ದೆ.

ಯಾಕಂದರೆ ಅಡಿಪಾಯದಿಂದ ಸೂರಿನವರೆಗೆ ಕಟ್ಟಿದ್ದು ನಾನು. ಅವಳು ಕೊನೆಯಲ್ಲಿ ಬಂದು ಟೂಲ್‌ಟಿಪ್ ಅಂಟಿಸಿದಳು, ಅಷ್ಟೆ. ಮೌಸಿನ ಬಾಣ ಬಟನ್ ಮೇಲೆ ನಿಂತರೆ ಪಕ್ಕದಲ್ಲೇ ಮೂಡಿ, ಏನು ಮಾಡಬೇಕೆಂದು ಹೇಳುವ ಹಳದಿ ಚೌಕ. ಅಚ್ಚಿನ ಹಾಗೆ ಒಂದೇ ಕಾಂಪೊನೆಂಟ್ ಬರೆದು ಎಲ್ಲ ಪುಟಕ್ಕೂ ಹಾಕಿದಳು. ಒಳಗಿನ ಮಾತೂ ಜಗುಲಿಯ ಮಾತು: ‘ಬಣ್ಣ ಒಣಗೈತಾ ನೋಡ್ಕಳಿ’, ‘ಬೊಂಬೆ ಎಷ್ಟವೆ ಬರೀರಿ’. ನೋಡಲು ಬಂದ ಯಜಮಾನರು ಒಂದೊಂದರ ಮೇಲೂ ಬಾಣ ನಿಲ್ಲಿಸಿ ನಕ್ಕಿದ್ದೇ ನಕ್ಕಿದ್ದು. ನನ್ನ ಕೆಲಸದ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಅಡುಗೆ ಮಾಡಿದವನನ್ನು ಬಿಟ್ಟು ಕೊತ್ತಂಬರಿ ಉದುರಿಸಿದವಳನ್ನು ಹೊಗಳಿದ ಹಾಗಾಯಿತು. ಅವತ್ತು ಅವಳು ತಂದುಕೊಟ್ಟ ಕಾಫಿಯನ್ನೂ ನಾನು ಮುಟ್ಟಲಿಲ್ಲ.

ಕಾರ್ಖಾನೆಯಲ್ಲಿ ಅಪ್ಲಿಕೇಶನ್ ಶುರುವಾದ ದಿನವೇ ಫೋನ್ ಬಂತು. ಅವಳ ಚೌಕದ ದೆಸೆಯಿಂದ ಮಾಲು ತುಂಬಿದ ಲಾರಿ ಗೇಟಿನಲ್ಲೇ ನಿಂತಿದೆಯಂತೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು! ಇಬ್ಬರೂ ಬಸ್ ಹತ್ತಿ ಹೋದೆವು. ಪ್ಯಾಕಿಂಗ್ ಮೇಸ್ತ್ರಿ ಮೌಸ್ ಹಿಡಿದು ಅಲುಗಾಡದೆ ಕೂತಿದ್ದರು. ‘ಮಾಲು ಕಳಿಸಿ’ ಬಟನ್ ಮೇಲೆ ಬಾಣ, ಪಕ್ಕದಲ್ಲಿ ಅವಳ ಚೌಕ: ‘ಒಸಿ ತಡೀರಿ. ಎಲ್ಲಾ ಎಣಿಸಿದ್ರಾ?’

“ಎಣಿಸಾಯ್ತು. ಆದ್ರೂ ತಡೀರಿ ಅಂತಾನೇ ಐತೆ. ಹೊರಡೋ ಹೊತ್ನಲ್ಲಿ ತಡೀರಿ ಅಂದ್ಮ್ಯಾಕೆ ಮೀರಿ ಕಳಿಸ್ಬೋದಾ? ದಾರೀಲಿ ಏನಾರ ಆದ್ರೆ?” ಅಂದರು ಮೇಸ್ತ್ರಿ.

ಇವಳ ಕತೆ ಮುಗಿಯಿತು ಎಂದುಕೊಂಡೆ. ಉಕ್ಕಿ ಬರುತ್ತಿದ್ದ ನಗುವನ್ನು ಕಷ್ಟಪಟ್ಟು ನುಂಗಿಕೊಂಡೆ. ಯಜಮಾನರು ಅವಳನ್ನೇ ನೋಡಿ, “ನಾನ್ ಹೇಳಿದ್ರೇ ತಡೀದಿರೋ ಮೇಸ್ತ್ರಿ ನಿನ್ ಮಾತಿಗೆ ತಡ್ದವ್ರೆ ನೋಡವ್ವ! ನಾಳೆಯಿಂದ್ಲೇ ಕೆಲಸಕ್ ಬಂದ್ಬುಡು” ಅಂದರು.

ಆಮೇಲೆ ನನಗೆ, “ನೀವೊಸಿ ಅದನ್ನ ಸರಿ ಮಾಡ್ಬುಡಿ” ಅಂದರು. ಒಳಗಿನ ಕೋಣೆಯಲ್ಲಿ ಕೂತು, ಅವಳ ಮಾತು ಅಳಿಸಿ, ನನ್ನ ಕೈಯಾರೆ ಬರೆದೆ: ‘ಎಣಿಸಾಗಿದ್ರೆ ಒತ್ತಿ, ಒಳ್ಳೇದಾಗ್ಲಿ.’ ಮೇಸ್ತ್ರಿ ಓದಿದರು, ಒತ್ತಿದರು. ಲಾರಿ ಹೊರಟಿತು. ಅವರ ಮುಖ ಅರಳಿತು. ಅವಳ ಕಡೆ ತಿರುಗಿ ಹೇಳಿದರು:

“ಈಗ್ ನೋಡಮ್ಮಣ್ಣಿ, ಎಷ್ಟ್ ಚೆಂದಾಗ್ ಬರ್ದಿದ್ದೀಯೆ!”