ತಾಟು ತೊಳೆದ ನೀರು

ಅಕ್ಕನ ಮದುವೆಯ ಉಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿ, ಮೇಲಿಂದ ಒಂದು ಹಳದಿ ಗೆರೆ ಮಾತ್ರ ಕಾಣುತ್ತಿತ್ತು. ಊಟದ ಕೊನೆಗೆ ಆ ಬೆರಳು ಸ್ಟೀಲ್ ತಾಟಿನಲ್ಲಿ ಒಂದು ಸುತ್ತು ಹೊಡೆದರೆ ಅನ್ನದ ಅಗಳಿರಲಿ, ಚಟ್ನಿಪುಡಿಯ ಕಣವೂ ಉಳಿಯುತ್ತಿರಲಿಲ್ಲ. ಆಮೇಲೆ ಅರ್ಧ ಲೋಟ ನೀರು ಸುರಿದು, ತಾಟನ್ನು ಗಿರ್ರನೆ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದುಬಿಡುತ್ತಿದ್ದಳು. ನಮ್ಮ ಮನೆಗಳಲ್ಲಿ ಊಟವೆಂದರೆ ಪ್ರಸಾದ, ಚೆಲ್ಲುವಂತಿಲ್ಲ. ಉಳಿದವರು ಈ ರೂಢಿಯನ್ನು ಹಬ್ಬಕ್ಕೋ ಮಠಕ್ಕೋ ಮೀಸಲಿಟ್ಟಿದ್ದರೆ, ಅಕ್ಕನಿಗೆ ದಿನವೂ ಅದೇ.

ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಹರಿಹರಕ್ಕೆ ಕೊಟ್ಟಿದ್ದ ಅಕ್ಕ ಸುದ್ದಿ ಕೇಳಿದವಳೇ ಬಸ್ ಹತ್ತಿ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ನಂದು ತಗಳ್ರಿ. ಎರಡು ಅದಾವಲ್ಲ." ಅವಳ ರಕ್ತ ಹೊಂದಿತು, ತೂಕ ಹೊಂದಲಿಲ್ಲ. ಇಷ್ಟು ಮೈಯಿದ್ದರೆ ಕೊಡುವವರ ಜೀವಕ್ಕೇ ಅಪಾಯ, ಮೊದಲು ಇಳಿಸಿಕೊಂಡು ಬನ್ನಿ ಎಂದರು ಡಾಕ್ಟರು.

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಗೋಳು. ನಾನು ಡಯಾಲಿಸಿಸ್ ಮಂಚದ ಮೇಲೆ, ಅವಳು ತೂಕದ ಯಂತ್ರದ ಮೇಲೆ. ನನಗೆ ಕುಡಿಯುವ ನೀರೂ ಅಳತೆ. ದಾವಣಗೆರೆಯ ಬೇಸಿಗೆಯಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಾಗ ಐಸಿನ ಚೂರು ಚೀಪುತ್ತಾ, ಇವಳು ಯಾವಾಗ ಇಳಿಯುತ್ತಾಳೋ ಎಂದು ಕಾಯುವುದೇ ನನ್ನ ಉದ್ಯೋಗವಾಯಿತು.

ಮೊದಲು ಸ್ವಲ್ಪ ಇಳಿದಳು. ನಾಗರ ಪಂಚಮಿ ಬಂತು, ಮನೆ ತುಂಬ ಉಂಡೆ ಬಂದವು, ಇಳಿದಿದ್ದೆಲ್ಲ ವಾಪಸ್ಸು ಬಂತು. ಆ ನಾಚಿಕೆಗೆ ಬರೀ ಮಜ್ಜಿಗೆಯ ಮೇಲೆ ದಿನ ದೂಡಲು ಹೋಗಿ, ನನ್ನನ್ನು ನೋಡಲು ಬರುವ ಬಸ್ಸಿನಲ್ಲೇ, ದಾರಿಯಲ್ಲಿ ಸಿಗುವ ಬಾತಿ ಊರಿನ ಹತ್ತಿರ ತಲೆ ಸುತ್ತಿ ಬಿದ್ದಳು. ಉಪವಾಸ ಬಿದ್ದು ಸೊರಗಿದವರ ಕಿಡ್ನಿ ನಾವು ಮುಟ್ಟುವುದಿಲ್ಲ ಎಂದು ಡಾಕ್ಟರು ಬೈದರು. ಬೈಸಿಕೊಂಡ ಮರುಬೆಳಿಗ್ಗೆಯೇ ಹರಿಹರದ ಹೊಳೆಯ ದಂಡೆಗೆ ನಡೆಯಲು ಹೋಗಿ, ಅಲ್ಲಿಂದಲೇ ಏದುಸಿರು ಬಿಡುತ್ತಾ ಫೋನು ಮಾಡಿದಳು.

"ಜಾರಿದ್ದೆ ನೋಡೋ ತಮ್ಮಾ. ಎದ್ದೀನಿ. ನೀ ಮಾತ್ರ ಧೈರ್ಯ ಬಿಡಬ್ಯಾಡ."

ಪ್ರತಿ ಸಲ ಜಾರಿದಾಗಲೂ ಇದೇ ಮಾತು. ಕೊನೆಕೊನೆಗೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದ್ದು ಎಲ್ಲಿಗೆ ಹೋಗುತ್ತೀಯೇ, ನಾನೇ ಹೊರಡುವ ಹೊತ್ತಾಯಿತಲ್ಲ ಅನ್ನಿಸುತ್ತಿತ್ತು.

ರೊಟ್ಟಿ ಒಂದಕ್ಕಿಳಿಸಿದಳು. ಬೆಣ್ಣೆ ಬಿಟ್ಟಳು, ದಾವಣಗೆರೆಯಲ್ಲಿ ಹುಟ್ಟಿದವರಿಗೆ ಅದೇನು ಸಣ್ಣ ಮಾತಲ್ಲ. ಆದರೂ ತೂಕದ ಮುಳ್ಳು ಅಲ್ಲಾಡಲಿಲ್ಲ. ಅಷ್ಟರಲ್ಲಿ ಸೂಜಿ ಚುಚ್ಚಿ ಚುಚ್ಚಿ ನನ್ನ ಕೈಯ ನರ ಕೆಡುತ್ತಾ ಬಂದಿತ್ತು. "ಇವರನ್ನೇ ನಂಬಿ ಕೂರಬೇಡಿ, ಬೇರೆ ದಾರಿ ನೋಡಿ" ಎಂದರು ಡಾಕ್ಟರು. ಬೇರೆ ದಾರಿ ಇರಲಿಲ್ಲ.

ಆವತ್ತು ಆಸ್ಪತ್ರೆಯಿಂದ ಬಂದು ಇಬ್ಬರೂ ಊಟಕ್ಕೆ ಕೂತೆವು. ನಾಲ್ಕು ತುತ್ತಿಗಿಂತ ಹೆಚ್ಚು ನನಗೆ ಸೇರಲಿಲ್ಲ. ತಾಟು ದೂಡಿದೆ. ತನ್ನ ಊಟ ಮುಗಿಸಿದ್ದ ಅಕ್ಕ ಅದನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಅನ್ನವನ್ನೆಲ್ಲ ಉಂಡು, ನೀರು ಹಾಕಿ ತಿರುಗಿಸಿ ಕುಡಿದಳು. ನಾನು ಕಾಯಿಲೆ ಬಿದ್ದಾಗಿನಿಂದ ನೋಡುತ್ತಲೇ ಬಂದಿದ್ದೆ, ಆವತ್ತು ಕಂಡಿತು.

"ಅಕ್ಕಾ, ಈಗ ಉಂಡೆಯಲ್ಲ, ಇದನ್ನ ಡಾಕ್ಟರಿಗೆ ಹೇಳೀಯೇನು?"

"ಯಾವುದನ್ನ? ನನ್ನ ಊಟ ಆಗ್ಲೇ ಮುಗೀತಲ್ಲೋ. ಇದು ನಿಂದು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ತನ್ನ ತಾಟಿನಲ್ಲಿದ್ದುದಷ್ಟೇ ಅವಳ ಲೆಕ್ಕಕ್ಕೆ ಊಟ. ಹರಿಹರದ ಮನೆಯಲ್ಲಿ ಭಾವ ಬಿಟ್ಟಿದ್ದು, ಮಕ್ಕಳು ಬಿಟ್ಟಿದ್ದು, ಇಲ್ಲಿ ನಾನು ಬಿಟ್ಟಿದ್ದು ಎಲ್ಲ ಪ್ರಸಾದ. ನನಗೆ ಬರಬೇಕಾದ ಕಿಡ್ನಿಯನ್ನು ನನ್ನ ತಾಟೇ ತಡೆದು ಕೂತಿತ್ತು. ನಗು ಬಂತು, ನಗುನಗುತ್ತಲೇ ಅತ್ತುಬಿಟ್ಟೆ.

ಅಕ್ಕ ಎಂಜಲು ಕೈಯಲ್ಲೇ ಖಾಲಿ ತಾಟನ್ನು ನನ್ನ ಕಡೆ ದೂಡಿದಳು. "ಹಂಗಾರೆ ಪ್ರಸಾದ ಚೆಲ್ಲು ಅಂತೀಯೇನು?"

"ಚೆಲ್ಲದಿದ್ರೆ ನಾನು ಉಳಿಯಂಗಿಲ್ಲ ಅಕ್ಕಾ."

ಮಾರನೆಯ ದಿನ ಹರಿಹರದಲ್ಲಿ ನಡೆದದ್ದನ್ನು ಭಾವನೇ ನನಗೆ ಹೇಳಿದ. ಎಂದೂ ಅವನ ಎದುರು ನಿಂತು ಮಾತಾಡದಿದ್ದ ಹೆಂಗಸು, "ನನ್ನ ತಮ್ಮ ಬದುಕಬೇಕ್ರೀ. ನಿಮ್ಮ ತಾಟು ನೀವೇ ತೊಳ್ಕಂಡು ಕುಡೀರಿ" ಅಂದಳಂತೆ. ಭಾವ ಮುಖ ಗಂಟಿಕ್ಕಿಕೊಂಡೇ ಕುಡಿದನಂತೆ. ನಮ್ಮ ಮನೆಯಲ್ಲಿ ಮಾತ್ರ ತೊಂದರೆ ತೀರಲಿಲ್ಲ. ತೊಳೆದು ಕುಡಿಯಲು ನನಗೆ ನೀರಿನ ಅಳತೆ ಅಡ್ಡ. ಅಕ್ಕ ಬಂದಾಗಲೆಲ್ಲ ನನಗೆ ಹಿಡಿ ಅನ್ನವನ್ನಷ್ಟೇ ಬಡಿಸುತ್ತಿದ್ದಳು, ಅದರಲ್ಲೂ ನಾನು ಉಳಿಸುತ್ತಿದ್ದೆ. ತಾಟನ್ನು ಅಂಗಳದ ದಾಸವಾಳದ ಬುಡಕ್ಕೆ ಒಯ್ದು ಸುರಿಯುತ್ತಿದ್ದಳು. "ತಪ್ಪಾತು ಶಿವನೇ" ಎಂದು ಗಲ್ಲ ಬಡಿದುಕೊಂಡು ಒಳಗೆ ಬರುತ್ತಿದ್ದಳು. ನನಗಾಗಿ ಅವಳು ಬಿಟ್ಟ ಬೆಣ್ಣೆ, ನಡೆದ ದಾರಿ ಎಲ್ಲ ಇದರ ಮುಂದೆ ಏನೂ ಅಲ್ಲ.

ಮುಂದೆಯೂ ಜಾರಿದಳು. ಮದುವೆಯ ಮನೆಯೊಂದರಲ್ಲಿ ಹೋಳಿಗೆ ಉಂಡು ಬಂದು ನನ್ನ ಮುಂದೆ ಮಗುವಿನ ಹಾಗೆ ಅತ್ತಳು. ಬೆಳಿಗ್ಗೆ ಮತ್ತೆ ಹೊಳೆಯ ದಂಡೆಗೆ ಹೋದಳು. ಕೊನೆಗೆ ಆಪರೇಷನ್ನಿನ ದಿನ ನರ್ಸ್ ಉಂಗುರ ತೆಗೆಯಿರಿ ಎಂದಾಗ ಅಕ್ಕ ಕೈ ಕೆಳಗೆ ಬಿಟ್ಟಳಷ್ಟೆ, ಅದು ತಾನಾಗಿ ಜಾರಿ ಬಿತ್ತು.

ಈಗ ಅವಳದ್ದು ನನ್ನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದೆ. ನೀರು ಚೆನ್ನಾಗಿ ಕುಡಿಯಿರಿ ಎಂದು ಡಾಕ್ಟರೇ ಹೇಳುತ್ತಾರೆ. ಚೇತರಿಸಿಕೊಂಡು ಹರಿಹರಕ್ಕೆ ಹೋದ ಮೊದಲ ದಿನ, ಬಡಿಸಿದ್ದನ್ನೆಲ್ಲ ಉಂಡು, ತಾಟಿಗೆ ಒಂದು ಲೋಟ ತುಂಬ ನೀರು ಸುರಿದು, ಗಿರ್ರನೆ ತಿರುಗಿಸಿ ಎತ್ತಿ ಕುಡಿದೆ. ಕೆಳಗಿಟ್ಟಾಗ ಅಕ್ಕ ಎದುರಿಗೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇನ್ನೊಂದು ಲೋಟ ಹಾಕ್ಯಳ್ಳೋ" ಅಂದಳು.